ಬೇಬಾಕಿ

ಸಾಲ ತರುವಾಗಿನ ಸುಖವನ್ನೂ ಅದನ್ನು ಮರಳಿ ಕೊಡುವಾಗಿನ ಸಂಕಟವನ್ನೂ ನಮ್ಮ ಸರ್ವಜ್ಞ ಎಂದೋ ಹೇಳಿ ಮುಗಿಸಿದ್ದಾನೆ. ಅದಕ್ಕೆ ಸರಕಾರಿ ಕಾರಕೂನನೊಬ್ಬ ಹೊಸದಾಗಿ ಸೇರಿಸುವಂಥದು ಏನೂ ಉಳಿದಿಲ್ಲ. ಆದರೆ ಸಾಲಕ್ಕೆ ಮೂರನೆಯದೊಂದು ಅವಸ್ಥೆ ಉಂಟು. ಅದು ತೀರಿದ ಮೇಲಿನ ಅವಸ್ಥೆ. ಕೊಟ್ಟು ಕೈತೊಳೆದುಕೊಂಡು ಎರಡೂವರೆ ವರ್ಷ ನೆಮ್ಮದಿಯಿಂದ ಉಂಡು ಮಲಗಿದವನ ಬಾಗಿಲಿಗೆ ಬಂದು, "ಎಲ್ಲಿ ನಮ್ಮ ಹಣ?" ಎಂದು ಕೇಳಿದರೆ ಅವನ ಪಾಡೇನು? ಈ ಅನುಭವ ಸರ್ವಜ್ಞನಿಗೆ ಆಗಿರಲಾರದು. ಆಗಿದ್ದರೆ ಒಂದೇ ತ್ರಿಪದಿಗೆ ಬಿಡುವವನಲ್ಲ ಅವನು.

ನನಗೆ ಆಯಿತು. ನಮ್ಮ ಸಂಘದ ಇನ್ನೂ ಇಬ್ಬರು ಮೂವರಿಗೆ ಆಗಿದೆಯೆಂದು ಆಮೇಲೆ ತಿಳಿಯಿತು. ನಾಲ್ಕು ಜನರೆದುರು ಸಾಲದ ಮಾತೆತ್ತಲು ನಾಚಿ ಅವರು ಸುಮ್ಮನಿದ್ದರು. ಒಬ್ಬರಂತೂ ಎರಡನೆಯ ಸಲ ದುಡ್ಡು ಕೊಟ್ಟು ಪೀಡೆ ಕಳೆಯಿತೆಂದುಕೊಂಡಿದ್ದರಂತೆ. ಅವರ ಮಾತು ಕೇಳಿದ ಮೇಲೆಯೇ ನಾನು ಇದನ್ನು ಬರೆಯಲು ಕುಳಿತದ್ದು.

2018ರಲ್ಲಿ ನಾನು ಔರಂಗಾಬಾದಿನಲ್ಲಿದ್ದೆ. ಊರಿಗೆ ಛತ್ರಪತಿ ಸಂಭಾಜಿನಗರವೆಂಬ ಹೆಸರು ಬಂದದ್ದು 2023ರಲ್ಲಿ. ತಂಗಿಯ ಮದುವೆಗೆಂದು ಅಲ್ಲಿನ ಒಂದು ಹಣಕಾಸಿನ ಕಂಪನಿಯಿಂದ ತೊಂಬತ್ತು ಸಾವಿರ ರೂಪಾಯಿ ತೆಗೆದುಕೊಂಡೆ. ಕಂಪನಿಯ ಹೆಸರು ಬೇಡ. ಈ ಪುಟ ಓದುವವರಲ್ಲಿ ಯಾರ ಮಗನೋ ಅಳಿಯನೋ ಅಲ್ಲಿ ನೌಕರಿಯಲ್ಲಿರಬಹುದು. ಮೂವತ್ತಾರು ಕಂತು. 2020ರಲ್ಲಿ ಕೊರೋನಾ ಬಂದಾಗ, ಮಾರ್ಚಿನಿಂದ ಆಗಸ್ಟ್ ಕೊನೆಯವರೆಗಿನ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕು ಸಾಲಗಾರರಿಗೆ ಅವಕಾಶ ಕೊಡಿಸಿತ್ತಷ್ಟೆ. ನನಗೆ ಸಂಬಳ ತಪ್ಪಿರಲಿಲ್ಲ. ಮುಂದೂಡಿದರೂ ಬಡ್ಡಿ ನಿಲ್ಲುವುದಿಲ್ಲವೆಂದು ತಿಳಿದು, ಬೇಡವೆಂದು ಬರೆದುಕೊಟ್ಟು, ತಿಂಗಳು ತಪ್ಪದೆ ಕಟ್ಟಿದೆ. 2021ರ ಡಿಸೆಂಬರಿನಲ್ಲಿ ಕೊನೆಯ ಎರಡು ಕಂತನ್ನು ಒಟ್ಟಿಗೆ ಶಾಖೆಯ ಕಿಟಕಿಯಲ್ಲಿಯೇ ಕೊಟ್ಟೆ. ಐದು ಸಾವಿರಕ್ಕೆ ಮೇಲಾದ್ದರಿಂದ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚಿ ರಸೀದಿ ಕೊಟ್ಟರು. ಮುಂದಿನ ತಿಂಗಳು ಬೇಬಾಕಿ ಪತ್ರವೂ ಅಂಚೆಯಲ್ಲಿ ಬಂದಿತು. 'ಇವರಿಂದ ಏನೂ ಬರತಕ್ಕದ್ದಿಲ್ಲ' ಎಂಬ ಒಂದೇ ಸಾಲು, ಕೆಳಗೆ ಶಿಕ್ಕೆ. ಅದೇ ವರ್ಷ ನನಗೆ ನಾಸಿಕಕ್ಕೆ ವರ್ಗವಾಯಿತು. ತಂದೆತಾಯಿ ಇಲ್ಲಿಯೇ ಇದ್ದುದರಿಂದ ನನಗೆ ಸ್ವರ್ಗ ಸಿಕ್ಕಂತಾಯಿತು.

ನಮ್ಮ ಅಪ್ಪನ ವಿಚಾರ ಇಲ್ಲಿ ಹೇಳಲೇಬೇಕು. ಅವರು ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನಿಂದ ಬಂದು ನಾಸಿಕ ರೋಡಿನ ಇಂಡಿಯಾ ಸೆಕ್ಯೂರಿಟಿ ಪ್ರೆಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಅಂಚೆ ಚೀಟಿ, ಸ್ಟಾಂಪು ಕಾಗದ, ಪಾಸ್‌ಪೋರ್ಟ್ ಪುಸ್ತಕಗಳನ್ನು ಅಚ್ಚು ಹಾಕುವ ಜಾಗ. ಅಲ್ಲಿ ಒಂದು ಹಾಳೆ ಕೆಟ್ಟರೆ ಅದನ್ನೂ ಎಣಿಸಿ ಲೆಕ್ಕ ಒಪ್ಪಿಸಬೇಕು. ಹೀಗಾಗಿ ಕಾಗದವೆಂದರೆ ಅಪ್ಪನಿಗೆ ದೇವರ ಸಮಾನ. ನನ್ನ ರಸೀದಿಗಳನ್ನೆಲ್ಲ ಅವರೇ ದಾರ ಪೋಣಿಸಿ, ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು.

2024ರ ಜೂನಿನಲ್ಲಿ ಮೊದಲ ಕರೆ ಬಂದಿತು. ಹಿಂದಿಯಲ್ಲಿ ಬಹಳ ವಿನಯದ ದನಿ. ನನ್ನ ಸಾಲದಲ್ಲಿ ಹನ್ನೊಂದು ಸಾವಿರದ ನಾನೂರ ಅರವತ್ತು ರೂಪಾಯಿ ಬಾಕಿ ಇದೆಯಂತೆ, ಸಂಜೆಯೊಳಗೆ ಕಟ್ಟಬೇಕಂತೆ. ತೀರಿಸಿದ್ದೇನೆಂದು ಹೇಳಿ ಇಟ್ಟೆ. ಮರುದಿನ ಇನ್ನೊಂದು ದನಿ, ವಿನಯ ಕಡಿಮೆ. ಮೂರನೆಯ ದಿನದ ದನಿಗೆ ವಿನಯವೆಂಬುದೇ ಇರಲಿಲ್ಲ. ಪ್ರತಿ ದಿನ ಬೇರೆ ಮನುಷ್ಯ. ಪ್ರತಿಯೊಬ್ಬನಿಗೂ ಮೊದಲಿನಿಂದ ಕಥೆ ಹೇಳಬೇಕು. "ರಸೀದಿ ಇದೆ" ಎಂದರೆ "ವಾಟ್ಸಾಪಿನಲ್ಲಿ ಕಳಿಸಿ" ಎನ್ನುವರು. ಕಳಿಸಿದರೆ ಮರುದಿನ ಮತ್ತೊಬ್ಬನ ಕರೆ.

ಇಷ್ಟಾಗಿದ್ದರೆ ಒಬ್ಬ ಕಾರಕೂನ ಸಹಿಸಿಕೊಂಡಾನು. ಮೇಲಧಿಕಾರಿಗಳ ಕೈಕೆಳಗೆ ಕೆಲಸ ಮಾಡಿದವನಿಗೆ ಕೂಗಾಟ ಹೊಸದಲ್ಲ. ಆದರೆ ಒಂದು ದಿನ ವಿಜಾಪುರದಿಂದ ನನ್ನ ಹೆಂಡತಿಯ ಅಣ್ಣನ ಫೋನು ಬಂದಿತು. "ಭಾವಾರ, ತಪ್ಪ ತಿಳ್ಕೋಬ್ಯಾಡ್ರಿ, ರೊಕ್ಕದ ಅಡಚಣಿ ಇದ್ದರ ನಮಗ ಹೇಳ್ಬಾರದ?" ಎಂದು ಕೇಳಿದರು. ಮದುವೆಯಾಗಿ ಎಂಟು ವರ್ಷದಲ್ಲಿ ಆ ಮನೆಯಿಂದ ನಾನು ಒಂದು ರೂಪಾಯಿ ಕೇಳಿದವನಲ್ಲ. ಫೋನು ಇಟ್ಟ ಮೇಲೆ ನನ್ನ ಹೆಂಡತಿ ರಾತ್ರಿ ಊಟ ಮಾಡಲಿಲ್ಲ. ಎರಡು ದಿನದ ಮೇಲೆ ಎದುರು ಮನೆಯ ಮರಾಠಿ ಕಾಕು ಅವ್ವನನ್ನು ಮೆಲ್ಲಗೆ ಕರೆದು, ಯಾರೋ ನಮ್ಮ ಮನೆಯ ಬಗ್ಗೆ ವಿಚಾರಿಸಿದರೆಂದು ಹೇಳಿದರು. ಅವ್ವ ಅಂದಿನಿಂದ ಸಂಜೆ ಕಟ್ಟೆಗೆ ಕುಳಿತುಕೊಳ್ಳುವುದನ್ನೇ ಬಿಟ್ಟಳು.

ಇನ್ನೊಂದು ಮುಖ್ಯ ಮಾತು. ಆಗ ನಾವು ನಾಸಿಕ ರೋಡಿನಲ್ಲಿ ಎರಡು ಕೋಣೆಯ ಒಂದು ಮನೆಯನ್ನು ನೋಡಿದ್ದೆವು. ಪ್ರೆಸ್ಸಿನ ಕ್ವಾರ್ಟರ್ಸ್ ಬಿಟ್ಟ ಮೇಲೆ ಅಪ್ಪ ಮೂರು ಬಾಡಿಗೆ ಮನೆ ಬದಲಿಸಿದ್ದರು. ಸ್ವಂತದ ಹೊಸ್ತಿಲು ದಾಟಬೇಕೆಂಬುದು ಅವರ ಆಸೆ. ಐವತ್ತು ಸಾವಿರ ಇಸಾರ ಕೊಟ್ಟು, ದಸರೆಯೊಳಗೆ ಉಳಿದ ವ್ಯವಹಾರ ಮುಗಿಸುವ ಕರಾರು ಮಾಡಿಕೊಂಡಿದ್ದೆವು. ಬ್ಯಾಂಕಿನವರು ನನ್ನ ಸಾಲದ ಚರಿತ್ರೆಯನ್ನು ತೆಗೆಸಿ ನೋಡಿ ತಲೆ ಅಲ್ಲಾಡಿಸಿದರು. ಅದರಲ್ಲಿ 'ಬಾಕಿ ಇದೆ' ಎಂದು ಬರೆದಿತ್ತು. ಅದು ಹೋಗುವ ತನಕ ಗೃಹಸಾಲವಿಲ್ಲ. ದಸರೆ ದಾಟಿದರೆ ಇಸಾರದ ಹಣ ಮಾಲಿಕನ ಪಾಲು.

ಆ ರಾತ್ರಿ ಅಪ್ಪ ನನ್ನನ್ನು ಕರೆದು ಕೂರಿಸಿಕೊಂಡರು. "ಕೊಟ್ಟ ಬಿಡಪಾ. ಹನ್ನೊಂದ ಸಾವಿರಕ್ಕ ಮಾನಾ ಹೋಗೂದ ಬ್ಯಾಡ, ಮನೀನೂ ಹೋಗೂದ ಬ್ಯಾಡ. ದೇವರ ಹುಂಡಿಗಿ ಹಾಕೇವಿ ಅನ್ನೂಣು" ಎಂದರು. ಕಾಗದವನ್ನು ಅಷ್ಟು ನಂಬುವ ಮನುಷ್ಯ, ಪೆಟ್ಟಿಗೆಯಲ್ಲಿ ರಸೀದಿ ಇಟ್ಟುಕೊಂಡೇ ಹೀಗೆನ್ನಬೇಕಾದರೆ ಎಷ್ಟು ಅಂಜಿರಬೇಕು! ನನಗೆ ಸಿಟ್ಟು ಬಂದದ್ದು ಆ ಕಂಪನಿಯ ಮೇಲೆ ನಿಜವಾಗಿ ಆಗಲೇ.

"ಕೊಡೂದಿಲ್ಲಪ್ಪಾ. ಕೊಟ್ರ ಸಾಲ ಇತ್ತು ಅಂತ ನಾವs ಒಪ್ಪಿಕೊಂಡಂಗ ಆಗ್ತದ" ಎಂದೆ. ಇದು ಬರಿಯ ಹಟದ ಮಾತಲ್ಲ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಇಂಥ ಸಾಲಕ್ಕೆ ದಾವೆ ಹೂಡಲು ಮೂರು ವರ್ಷದ ಅವಧಿ. ಆ ಅವಧಿಯೊಳಗೆ ಸಾಲಗಾರ ಬಾಕಿ ಇದೆಯೆಂದು ಬರೆದು ಸಹಿ ಹಾಕಿದರೆ, ಇಲ್ಲವೆ ಅವನ ಬರಹ ಅಥವಾ ಸಹಿಯ ಆಧಾರದಿಂದ ಚೂರು ಹಣ ಸಂದರೂ, ಮೂರು ವರ್ಷ ಮತ್ತೆ ಮೊದಲಿನಿಂದ ಎಣಿಕೆಯಾಗುತ್ತದೆ. 'ಐನೂರಾದರೂ ಹಾಕಿ ಸರ್, ನಿಮ್ಮ ಸದ್ಭಾವನೆ ತಿಳಿಯಲಿ' ಎಂದು ಫೋನಿನವರು ಸಕ್ಕರೆ ಸವರುವುದರ ಒಳಗುಟ್ಟು ಇದೇ ಇದ್ದೀತು. ತೀರದ ಸಾಲಕ್ಕೇ ಈ ಪರಿಯಾದರೆ, ತೀರಿದ ಸಾಲಕ್ಕೆ ಐನೂರು ಕೊಡುವುದು ಸತ್ತ ಹಾವಿಗೆ ಹಾಲೆರೆದು ಎಬ್ಬಿಸಿದಂತೆ.

ಆಮೇಲೆ ಬೇರೊಂದು ದನಿ ಇನ್ನೊಂದು ಆಸೆ ತೋರಿಸಿತು. ನಾಲ್ಕು ಸಾವಿರ ಕಟ್ಟಿದರೆ ಎಲ್ಲ 'ಸೆಟಲ್' ಮಾಡಿಕೊಡುತ್ತಾರಂತೆ. ಓದುಗರು ಈ ಒಂದು ಶಬ್ದದ ಬಳಿ ಸ್ವಲ್ಪ ನಿಲ್ಲಬೇಕು. ನಮ್ಮ ಮಾತಿನಲ್ಲಿ 'ಸೆಟಲ್ ಆಯಿತು' ಎಂದರೆ ಎಲ್ಲ ಸುಖವಾಗಿ ಮುಗಿಯಿತೆಂದು ಅರ್ಥ. ಮಗಳ ಮದುವೆಯಾಗಿ, ಮಗನಿಗೆ ನೌಕರಿ ಸಿಕ್ಕರೂ ಹಾಗೆಯೇ ಎನ್ನುತ್ತೇವೆ. ಸಾಲದ ಚರಿತ್ರೆ ಬರೆಯುವವರ ಪುಸ್ತಕದಲ್ಲಿ 'ಸೆಟಲ್ಡ್' ಎಂದರೆ, ಪೂರ್ತಿ ಕೊಡಲಾರದವನೊಡನೆ ಕಡಿಮೆಗೆ ಒಪ್ಪಂದ ಮಾಡಿಕೊಂಡು ಬಿಟ್ಟರು ಎಂದು. ಮುಂದೆ ಸಾಲ ಕೊಡುವವನು ಅದನ್ನು ನೋಡಿ ಹುಬ್ಬೇರಿಸುತ್ತಾನೆ. ಪೂರ್ತಿ ಕೊಟ್ಟವನ ಎದುರಿಗೆ ಇರಬೇಕಾದ ಶಬ್ದ 'ಕ್ಲೋಸ್ಡ್'. ಮೂವತ್ತಾರು ಕಂತನ್ನೂ ಕಟ್ಟಿದ ನಾನು ನಾಲ್ಕು ಸಾವಿರ ಮೇಲೆ ಕೊಟ್ಟು ದಿವಾಳಿಗನೆಂಬ ಹಣೆಪಟ್ಟಿ ಕೊಳ್ಳಬೇಕಿತ್ತು!

ಜುಲೈಯಲ್ಲಿ ಒಂದು ಭಾನುವಾರ ಮನೆಗೇ ಒಬ್ಬ ಬಂದ. ಫೋನಿನ ದನಿಗಳನ್ನು ಕೇಳಿ ಕೇಳಿ ದೊಡ್ಡ ಮೀಸೆಯವನೊಬ್ಬನನ್ನು ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಬಂದವನು ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗ. ಮಳೆಯಲ್ಲಿ ತೊಯ್ದು, ಬೂಟನ್ನು ಹೊರಗೆ ಬಿಟ್ಟು ನಿಂತಿದ್ದ. ನಾನು ಜಗಳಕ್ಕೆ ಸಿದ್ಧನಾಗಿ ಎದ್ದೆ. ಅಷ್ಟರಲ್ಲಿ ಅಪ್ಪ, "ಒಳಗ ಬಾ, ತೊಯ್ದೀದಿ" ಎಂದು ಕನ್ನಡದಲ್ಲಿಯೇ ಕರೆದುಬಿಟ್ಟರು. ಅವನಿಗೆ ಮಾತು ತಿಳಿಯದಿದ್ದರೂ ಟವೆಲು ತಿಳಿಯಿತು. ಬೀಡ ಜಿಲ್ಲೆಯವನಂತೆ, ಬಿ.ಎ. ಆಗಿದೆಯಂತೆ. ವಸೂಲಾದ ಹಣದ ಮೇಲೆ ಇಷ್ಟೆಂದು ಕೊಡುತ್ತಾರೆ, ಆಗದಿದ್ದರೆ ಪೆಟ್ರೋಲಿನ ಖರ್ಚೂ ಮೈಮೇಲೆ ಎಂದ.

ಅಪ್ಪ ಪೆಟ್ಟಿಗೆ ತೆರೆದು ದಾರದ ಕಟ್ಟನ್ನು ಅವನ ಮುಂದಿಟ್ಟರು. ಹುಡುಗ ಒಂದೊಂದನ್ನೂ ತಿರುವಿ ನೋಡಿದ. ಸುಳ್ಳು ಹೇಳಬಾರದು, ಮನಸ್ಸಿಟ್ಟು ನೋಡಿದ. ಆಮೇಲೆ ತನ್ನ ಮೊಬೈಲಿನ ಪಟ್ಟಿ ತೋರಿಸಿದ. ಹೆಸರು ನನ್ನದೇ, ಖಾತೆಯ ಸಂಖ್ಯೆ ಬೇರೆ. ನನ್ನ ರಸೀದಿಗಳಲ್ಲಿ ಶಾಖೆ ಔರಂಗಾಬಾದ್, ಪಟ್ಟಿಯಲ್ಲಿ ಸಂಭಾಜಿನಗರ. ಒಂದೇ ಊರು ಕಾಗದದ ಮೇಲೆ ಎರಡಾಗಿ, ಒಂದರಲ್ಲಿ ನಾನು ಋಣಮುಕ್ತ, ಇನ್ನೊಂದರಲ್ಲಿ ಸಾಲಗಾರ.

"ನೀವು ಕೊಟ್ಟಿದ್ದೀರಿ, ಕಾಣುತ್ತದೆ ಸರ್. ಆದರೆ ನನಗೆ ಬರುವ ಅಧಿಕಾರವಿದೆ, ಹೆಸರು ಹೊಡೆಯುವ ಅಧಿಕಾರವಿಲ್ಲ" ಎಂದ ಹುಡುಗ.

ಈ ಮಾತು ನನ್ನನ್ನು ತಟ್ಟಿದಷ್ಟು ಬೇರೆಯವರನ್ನು ತಟ್ಟಲಾರದು. ನಾನೂ ಕಚೇರಿಯ ಮನುಷ್ಯ. ಕಡತ ತೆರೆಯುವುದಕ್ಕೆ ಹತ್ತು ಜನರಿಗೆ ಅಧಿಕಾರ, ಮುಚ್ಚುವುದಕ್ಕೆ ಒಬ್ಬರಿಗೆ, ಆ ಒಬ್ಬರು ಸದಾ ರಜೆಯಲ್ಲಿ. ಚಹಾ ಕುಡಿದು ಹುಡುಗ ಹೋದ. ಹೋಗುವಾಗ ಅಪ್ಪನಿಗೆ ಬಾಗಿ ನಮಸ್ಕಾರ ಮಾಡಿದ.

ಸಾಲ ಮುಗಿಯುವುದೆಂದರೇನೆಂದು ಆ ಸಂಜೆ ಅಪ್ಪನನ್ನು ಕೇಳಿದೆ. ಅವರು ಹುಡುಗನಾಗಿದ್ದಾಗ ಕಂಡದ್ದನ್ನು ಹೇಳಿದರು. ನಮ್ಮಜ್ಜ ಸಾವುಕಾರನ ಸಾಲ ಮುಟ್ಟಿಸಿದ ದಿನ, ಸಾವುಕಾರ ನಾಲ್ಕು ಹಿರಿಯರೆದುರು ಸಾಲಪತ್ರವನ್ನು ತಂದು, ನಡುವೆ ಹರಿದು, ಚೂರುಗಳನ್ನು ಅಜ್ಜನ ಕೈಗಿಟ್ಟನಂತೆ. ಅಜ್ಜ ಅದನ್ನು ಮನೆಗೆ ತಂದು ಒಲೆಗೆ ಹಾಕಿದನಂತೆ. ಅಲ್ಲಿಗೆ ಸಾಲ ಬೂದಿ. ಈಗ ಹರಿಯುವುದಕ್ಕೆ ಏನಿದೆ? ನನ್ನ ಸಾಲಪತ್ರ ಯಾರ ಕೈಯಲ್ಲಿಯೂ ಇಲ್ಲ. ಯಾವುದೋ ಊರಿನ ಗಣಕಯಂತ್ರದಲ್ಲಿ ಒಂದು ಸಾಲು, ಅಲ್ಲಿಂದ ನಕಲಾಗಿ ಇನ್ನೊಂದು ಕಡೆ ಒಂದು ಸಾಲು. ಒಂದನ್ನು ಹೊಡೆದರೆ ಇನ್ನೊಂದು ಉಳಿದಿರುತ್ತದೆ.

ಹಾಗೆಂದು ಹಳೆಯ ಕಾಲದಲ್ಲಿ ಎಲ್ಲ ಸಾವುಕಾರರೂ ಹರಿದುಕೊಡುತ್ತಿದ್ದರೆಂದು ತಿಳಿಯಬಾರದು. ಬಿ.ಎ.ಗೆ ಇತಿಹಾಸ ತೆಗೆದುಕೊಂಡಿದ್ದರ ಪುಣ್ಯದಿಂದ ಒಂದು ಪ್ರಸಂಗ ನನಗೆ ನೆನಪಿದೆ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ರೈತರು ಕೂಡಿ ಸಾವುಕಾರರ ಅಂಗಡಿಗಳ ಮೇಲೆ ಬಿದ್ದರು. ಅವರು ಮುಖ್ಯವಾಗಿ ಕೇಳಿದ್ದು ವಹಿಗಳನ್ನು, ಸಾಲಪತ್ರಗಳನ್ನು; ಸಿಕ್ಕವನ್ನು ಅಲ್ಲಿಯೇ ಸುಟ್ಟರು. ಗಲಭೆ ಅಹಮದನಗರ ಜಿಲ್ಲೆಗೂ ಹಬ್ಬಿತು. ದಖ್ಖನಿನ ದಂಗೆಯೆಂದು ಪುಸ್ತಕಗಳಲ್ಲಿ ಬರುವುದು ಇದೇ. ರೈತರ ದೂರುಗಳಲ್ಲಿ ಒಂದನ್ನು ಓದುವಾಗ ಈಗ ನನಗೆ ಮೈ ಜುಮ್ಮೆನ್ನುತ್ತದೆ: ಹಣ ಮುಟ್ಟಿಸಿದರೂ ಸಾವುಕಾರರು ರಸೀದಿ ಕೊಡುವುದಿಲ್ಲ. 1859ರ ಕಾಯಿದೆ ಸಾಲಪತ್ರಕ್ಕೆ ಮೂರು ವರ್ಷದ ಆಯುಷ್ಯ ಕಟ್ಟಿತ್ತು, ರೈತನ ಹಿತಕ್ಕೆಂದೇ. ಸಾವುಕಾರರು ಮೂರು ವರ್ಷಕ್ಕೊಮ್ಮೆ ಬಾಕಿಯನ್ನೂ ಬಡ್ಡಿಯನ್ನೂ ಕೂಡಿಸಿ, ಅದನ್ನೇ ಅಸಲೆಂದು ಹೊಸ ಪತ್ರ ಬರೆಸಿಕೊಳ್ಳತೊಡಗಿದರು. ಸರಕಾರ ವಿಚಾರಣೆಗೆ ಸಮಿತಿ ನೇಮಿಸಿತು. 1879ರಲ್ಲಿ ದಖ್ಖನಿನ ರೈತರ ಪರಿಹಾರ ಕಾಯಿದೆ ಬಂದಿತು. ಪುಣೆ, ಸಾತಾರಾ, ಅಹಮದನಗರಗಳ ಜೊತೆಗೆ ನಮ್ಮ ಇಂಡಿಯ ನೆರೆಯ ಸೊಲ್ಲಾಪುರಕ್ಕೂ ಅದು ಅನ್ವಯಿಸಿತು. ಕೊಟ್ಟ ಹಣಕ್ಕೆ ಬರಹದ ರಸೀದಿ, ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ, ಬೇಕೆಂದರೆ ಪಾಸ್‌ಬುಕ್ಕು, ಇವನ್ನು ಕೇಳುವ ಹಕ್ಕು ರೈತನಿಗೆ ಬಂದದ್ದು ಆ ಕಾಯಿದೆಯಿಂದ. ಸುಪೆಯ ರೈತ ಕಾಗದ ಸುಡಲು ಹೋದ, ಏಕೆಂದರೆ ಕಾಗದವೆಲ್ಲ ಸಾವುಕಾರನ ಕಡೆಗಿತ್ತು. ನಮ್ಮಪ್ಪನ ತಗಡಿನ ಪೆಟ್ಟಿಗೆಗೆ ಅವನ ಋಣ ಸಣ್ಣದಲ್ಲ.

ಕಚೇರಿಗೆ ಎರಡು ದಿನ ರಜೆ ಹಾಕಿ ತಪೋವನ ಎಕ್ಸ್‌ಪ್ರೆಸ್ ಹತ್ತಿದೆ. ಮನಮಾಡ ದಾಟಿ ಊರು ಮುಟ್ಟಿದಾಗ ನಿಲ್ದಾಣದ ಹಲಗೆಯ ಮೇಲೆ ಇನ್ನೂ ಔರಂಗಾಬಾದ್ ಎಂದೇ ಇತ್ತು. ಊರಿನ ಹೆಸರು ಬದಲಾದರೂ ರೈಲಿನವರು ಅದನ್ನು ಬದಲಿಸಿದ್ದು 2025ರ ಅಕ್ಟೋಬರಿನಲ್ಲಿ. ಕಂಪನಿಯ ಶಾಖೆಯಲ್ಲಿ ಹಳೆಯ ಮುಖ ಒಂದೂ ಇರಲಿಲ್ಲ. ವ್ಯವಸ್ಥಾಪಕರು, "ಈ ಖಾತೆ ನಮ್ಮಲ್ಲಿಲ್ಲ, ವಸೂಲಿಗೆ ಹೊರಗೆ ಹೋಗಿದೆ" ಎಂದು ಮುಖ ತಿರುಗಿಸಿದರು. ನಾನು ಕದಲಲಿಲ್ಲ. ಜನರನ್ನು ಕಾಯಿಸುವ ಕಚೇರಿಯಲ್ಲಿ ಹತ್ತು ವರ್ಷ ಕುಳಿತವನಿಗೆ ಕಾಯುವುದೂ ಗೊತ್ತಿರುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಕಿಟಕಿಯಲ್ಲಿದ್ದ ಒಬ್ಬ ಹೆಣ್ಣುಮಗಳು ಕನಿಕರದಿಂದ ನನ್ನ ಹಳೆಯ ಸಂಖ್ಯೆಯನ್ನು ಹಾಕಿ ಹುಡುಕಿ, ಮೂರು ವರ್ಷದ ಲೆಕ್ಕವನ್ನು ಅಚ್ಚು ಹಾಕಿ, ಶಿಕ್ಕೆ ಒತ್ತಿ ಕೊಟ್ಟಳು. ಕೊನೆಯ ಸಾಲು: ಬಾಕಿ ಸೊನ್ನೆ. ಹೊಸ ಸಂಖ್ಯೆಯ ಲೆಕ್ಕವನ್ನೂ ತೋರಿಸಿದಳು. ನಡುವೆ ಖಾತೆಗಳನ್ನು ಹೊಸ ಪುಸ್ತಕಕ್ಕೆ ವರ್ಗಾಯಿಸುವಾಗ, 2020ರ ಮೇ ತಿಂಗಳ ಕಂತು 'ಮುಂದೂಡಿದ್ದು' ಎಂದು ಬಿದ್ದಿತ್ತು. ಆ ಮೂರು ಸಾವಿರವೇ ಬಡ್ಡಿ, ದಂಡ, ದಂಡದ ಮೇಲಿನ ತೆರಿಗೆ ಎಲ್ಲ ತಿಂದು ಹನ್ನೊಂದು ಸಾವಿರವಾಗಿ ಬೆಳೆದಿತ್ತು. ಅದೇ ಮೇ ತಿಂಗಳ ರಸೀದಿ ನನ್ನ ಚೀಲದಲ್ಲಿತ್ತು!

ಮುಂದಿನದು ಕಾರಕೂನನ ಕೆಲಸ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಂಪನಿಯ ದೂರು ಅಧಿಕಾರಿಗೆ ಒಂದು ಪುಟದ ಪತ್ರ, ಜೊತೆಗೆ ಐದು ನಕಲುಗಳು, ಸ್ವೀಕೃತಿ ಚೀಟಿಯೊಡನೆ ರಿಜಿಸ್ಟರ್ ಅಂಚೆಯಲ್ಲಿ. (ಆಗ ರಿಜಿಸ್ಟರ್ ಅಂಚೆ ಇತ್ತು, 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿಬಿಟ್ಟಿದ್ದಾರೆ. ಹಳೆಯ ನೆಂಟರೊಬ್ಬರು ತೀರಿಕೊಂಡಂತೆ ಅನಿಸಿತು.) ನಮ್ಮ ದೇಶದಲ್ಲಿ ಸಾಲದ ಚರಿತ್ರೆ ಬರೆದಿಡುವ ಕಂಪನಿಗಳು ನಾಲ್ಕು. ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಬಿಟ್ಟಿಯಾಗಿ ಕೊಡಬೇಕೆಂದು 2017ರಿಂದ ನಿಯಮವಿದೆ. ನಾಲ್ಕನ್ನೂ ತರಿಸಿ ನೋಡಿದೆ. ಎರಡರಲ್ಲಿ ತಪ್ಪು ಇತ್ತು. ಕಂಪನಿಯ ಹೆಸರಿನಲ್ಲಿ ಅವೆರಡಕ್ಕೂ ಆಗಸ್ಟ್ 5ರಂದು ದೂರು ಕಳಿಸಿದೆ. ಇಂಥ ದೂರು ಮೂವತ್ತು ದಿನದಲ್ಲಿ ತೀರದಿದ್ದರೆ, ಆಮೇಲೆ ದಿನಕ್ಕೆ ನೂರು ರೂಪಾಯಿಯಂತೆ ದೂರುದಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿ, ಅದು 2024ರ ಏಪ್ರಿಲ್ ಕೊನೆಯಿಂದ ಜಾರಿಗೆ ಬಂದಿತ್ತು. ಕಂಪನಿಯೇ ಮೂವತ್ತು ದಿನ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಖರ್ಚಿಲ್ಲದೆ ಹೋಗಬಹುದು.

ಇನ್ನು ಫೋನಿನ ಕಾಟ. 2022ರ ಆಗಸ್ಟ್ 12ರ ಸುತ್ತೋಲೆಯೊಂದರಲ್ಲಿ ರಿಸರ್ವ್ ಬ್ಯಾಂಕು ಸ್ಪಷ್ಟವಾಗಿ ಹೇಳಿದೆ: ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ವಸೂಲಿಯ ಕರೆ ಮಾಡಕೂಡದು, ಬೆದರಿಸಕೂಡದು, ಮನೆಯವರ, ಸ್ನೇಹಿತರ, ಪರಿಚಯಸ್ಥರೆಂದು ಹೆಸರು ಕೊಟ್ಟವರ ನೆಮ್ಮದಿಗೆ ಕೈ ಹಾಕಕೂಡದು. ಇದು ನಿಜವಾಗಿ ಸಾಲವಿದ್ದವನಿಗೂ ಇರುವ ರಕ್ಷಣೆ. ರಾತ್ರಿ ಒಂಬತ್ತೂವರೆಗೆ ಒಬ್ಬ ಅವ್ವನ ಹೆಸರೆತ್ತಿ ಬೈದ. ಅದನ್ನು ಮುದ್ರಿಸಿಕೊಂಡು ಪೊಲೀಸ್ ಠಾಣೆಗೆ ಹೋಗಿ ಎನ್.ಸಿ. ಬರೆಸಿ ಬಂದೆ. ಎನ್.ಸಿ. ಬರೆದ ಮಾತ್ರಕ್ಕೆ ಯಾರನ್ನೂ ಹಿಡಿಯುವುದಿಲ್ಲ. ಆದರೆ ಆ ನಂಬರನ್ನು ಮುಂದಿನ ಕರೆಯವನಿಗೆ ಓದಿ ಹೇಳಿದಾಗ ಅವನ ದನಿಯಲ್ಲಿ ಮೊದಲ ದಿನದ ವಿನಯ ಮರಳಿ ಬಂದಿತು. ನಮ್ಮ ಕರ್ನಾಟಕದಲ್ಲಿ ಕಿರುಸಾಲದ ಹೆಸರಿನಲ್ಲಿ ಹಳ್ಳಿಗರನ್ನು ಪೀಡಿಸಿದ್ದು ಎಷ್ಟು ವಿಪರೀತಕ್ಕೆ ಹೋಯಿತೆಂದರೆ, 2025ರ ಫೆಬ್ರುವರಿಯಲ್ಲಿ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲಾತ್ಕಾರದ ವಸೂಲಿಗೆ ಹತ್ತು ವರ್ಷದ ತನಕ ಸೆರೆ, ಐದು ಲಕ್ಷದ ತನಕ ದಂಡ.

ಭಾವನಿಗೆ ಮಾತ್ರ ಯಾವ ಸುತ್ತೋಲೆಯೂ ಸಾಲಲಿಲ್ಲ. ಬೇಬಾಕಿ ಪತ್ರದ ನಕಲು ಹಿಡಿದು ನನ್ನ ಹೆಂಡತಿ ತಾನೇ ತವರಿಗೆ ಹೋಗಿ, ಅಣ್ಣನಿಗೆ, ವೈನಿಗೆ, ಕೊನೆಗೆ ಹಾಲು ಹಾಕುವವನಿಗೂ ತೋರಿಸಿ ಬಂದಳು.

ಗಣೇಶ ಚೌತಿ ಮುಗಿಯಿತು, ಉತ್ತರವಿಲ್ಲ. ದಸರೆ ಅಕ್ಟೋಬರ್ 12ಕ್ಕೆ. ಅಪ್ಪ ಮತ್ತೆ ಕೊಡುವ ಮಾತೆತ್ತಲಿಲ್ಲ. ದಿನಾಲು ಅಂಚೆಯವನ ದಾರಿ ನೋಡುತ್ತಿದ್ದರು. ಸಪ್ಟೆಂಬರ್ 23ರಂದು ಕಂಪನಿಯ ಪತ್ರ ಬಂದಿತು. ವಿಷಾದವಂತೆ, ತಾಂತ್ರಿಕ ಕಾರಣವಂತೆ. ಎರಡನೆಯ ಪ್ಯಾರಾದಲ್ಲಿ ಎರಡೂ ಖಾತೆ ಸಂಖ್ಯೆಗಳನ್ನು ಬರೆದು, ಎರಡೂ 'ಕ್ಲೋಸ್ಡ್' ಎಂದು ತಿಳಿಸಿದ್ದರು. ಅದೇ ದಿನ ವರದಿಯೂ ತಿದ್ದಿತು. ದಸರೆಗೆ ನಾಲ್ಕು ದಿನವಿರುವಾಗ ಬ್ಯಾಂಕಿನವರು ಸಹಿ ಮಾಡಿದರು. ಇಪ್ಪತ್ತು ವರ್ಷದ ಹೊಸ ಸಾಲ ಸಿಕ್ಕಿತೆಂದು ಮನೆಯಲ್ಲಿ ಹೋಳಿಗೆ ಮಾಡಿದೆವು.

ದೂರು ತೀರಲು ನಲವತ್ತೊಂಬತ್ತು ದಿನ ಹಿಡಿದಿದ್ದರಿಂದ, ಹತ್ತೊಂಬತ್ತು ದಿನದ ಲೆಕ್ಕಕ್ಕೆ ಸಾವಿರದ ಒಂಬೈನೂರು ರೂಪಾಯಿ ನನ್ನ ಖಾತೆಗೆ ಬಿದ್ದಿತು. ಮುಟ್ಟಿತೆಂದು ಬರೆದುಕೊಡಲು ಒಂದು ಕಾಗದ ಕಳಿಸಿದ್ದರು. ಐದು ಸಾವಿರದೊಳಗಿನ ಮೊತ್ತ, ಸ್ಟಾಂಪು ಬೇಕಾಗಿಲ್ಲವೆಂದು ನಾನು ಹಾಗೆಯೇ ಸಹಿ ಮಾಡಹೊರಟೆ. ಅಪ್ಪ ತಡೆದು, ಪೆಟ್ಟಿಗೆಯ ಮೂಲೆಯಿಂದ ಒಂದು ರೂಪಾಯಿಯ ಸ್ಟಾಂಪನ್ನು ತೆಗೆದು, ತಾವೇ ಒದ್ದೆ ಮಾಡಿ ಹಚ್ಚಿದರು.

"ತಾರೀಖು ಹಾಕಿ ಚೆಂದಾಗಿ ಬರದ ಕೊಡು. ಪಾಪ, ಅವರಾದರೂ ಎರಡ ಸಲ ಯಾಕ ಕೊಡಬೇಕು?" ಎಂದರು.